ತಾಮ್ರದ ತಂತಿಯಲ್ಲಿ ಸಿನಿಮಾ

ಮಾತನ್ನಷ್ಟೇ ಒಯ್ಯಲೆಂದು ಎಳೆದ ಟೆಲಿಫೋನ್ ತಂತಿಯಲ್ಲಿ ಸಿನಿಮಾ ಹರಿಸಬಹುದೇ? 1980ರ ದಶಕದ ಕೊನೆಯಲ್ಲಿ ಅಮೆರಿಕದ ದೂರವಾಣಿ ಕಂಪನಿಗಳನ್ನು ಕಾಡಿದ ಪ್ರಶ್ನೆ ಇದು. ಒಂದೇ ಕಟ್ಟಿನಲ್ಲಿ ನೂರಾರು ಜೋಡಿ ತಂತಿ. ಎರಡೂ ದಿಕ್ಕಿಗೆ ಸಮವೇಗದಲ್ಲಿ ಸಂಕೇತ ಹರಿಸಿದರೆ ಒಂದರ ಗದ್ದಲ ಇನ್ನೊಂದಕ್ಕೆ. ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್‌ಲೈಡರ್ ಸೂಚಿಸಿದ ಉಪಾಯ ಸರಳ: ಮನೆಗೆ ಬರುವ ದಾರಿ ಅಗಲವಿರಲಿ, ಹೋಗುವ ದಾರಿ ಕಿರಿದಾಗಿರಲಿ. ಸಿನಿಮಾ ನೋಡುವವರು ವಾಪಸು ಕಳಿಸುವುದಾದರೂ ಏನು, 'ನಿಲ್ಲಿಸು', 'ಮುಂದೆ ಓಡಿಸು' ಎಂಬ ಆಜ್ಞೆ ತಾನೆ! ಅದೇ ಎಡಿಎಸ್‌ಎಲ್.

ಸಿನಿಮಾ ವ್ಯಾಪಾರ ಆಗ ಕುದುರಲಿಲ್ಲ. ತಂತ್ರ ಮಾತ್ರ ಇಂಟರ್‌ನೆಟ್‌ಗೆ ಒದಗಿತು. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ನಮ್ಮಲ್ಲಿಗೆ ಬಂದದ್ದೂ ಇದೇ ಹಾದಿಯಲ್ಲಿ. ಎಡಿಎಸ್‌ಎಲ್ ಇದ್ದ ಮನೆಗಳಲ್ಲಿ ದೂರದ ಮಗಳಿಗೆ ಮದುವೆಯ ಫೋಟೊ ಕಳಿಸಲು ಕೂತವರು ಕಾದು ಕಾದು ಬೇಸತ್ತದ್ದು, ನಾವು ಬರೀ ನೋಡುವವರೆಂದು ಎಂದೋ ಹಾಕಿದ ಆ ಲೆಕ್ಕದಿಂದ.