ಯಾರು ಮೊದಲು, ಯಾರು ನಂತರ?

(ಕೆರಗೋಡಿನಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಖಾತೆ ಬದಲಾವಣೆಗೆ ಅಲೆದವರು ನಿಮ್ಮ ಮನೆಗಳಲ್ಲೂ ಇರಬಹುದು. ಪಹಣಿ ಕೈಬರಹದಲ್ಲಿದ್ದ ಕಾಲದಲ್ಲಿ ಮೊದಲು ಬಂದವನ ಅರ್ಜಿ ಅಡಿಗೆ ಬಿದ್ದು, ಆಮೇಲೆ ಬಂದವನ ಕೆಲಸ ಮುಂದೆ ಆಗಬಹುದಿತ್ತು. 2000ದ ಸುಮಾರಿಗೆ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ 'ಭೂಮಿ' ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ನಿಯಮವನ್ನು ತಂತ್ರಾಂಶದಲ್ಲೇ ಅಳವಡಿಸಿತು. ಬಡವನಿಗೆ ಸರದಿಯೇ ನ್ಯಾಯ.

ಒಂದೇ ಕಂಪ್ಯೂಟರಿನಲ್ಲಿ ಸರದಿ ಸುಲಭ. ಹಲವು ಊರುಗಳಲ್ಲಿ ಹಲವು ಕಂಪ್ಯೂಟರುಗಳಿದ್ದರೆ? ಮಂಡ್ಯದ ಯಂತ್ರ 11 ಗಂಟೆ 5 ನಿಮಿಷಕ್ಕೆ ಒಂದು ಸಂದೇಶ ಕಳಿಸಿತು ಎನ್ನೋಣ. ಗಡಿಯಾರ ಹಿಂದಿರುವ ಮಳವಳ್ಳಿಯ ಯಂತ್ರ ಅದು 11 ಗಂಟೆ 2 ನಿಮಿಷಕ್ಕೆ ತಲುಪಿತು ಎಂದು ಬರೆದುಕೊಳ್ಳುತ್ತದೆ. ಕಳಿಸುವ ಮೊದಲೇ ತಲುಪಿದಂತಾಯಿತು!

1978ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿಜ್ಞಾನಿ ಇದಕ್ಕೆ ದಾರಿ ತೋರಿಸಿದರು. ಗಂಟೆಯನ್ನು ಬಿಡಿ, ಎಣಿಕೆ ಇಡಿ ಎಂದರು. ಪ್ರತಿ ಯಂತ್ರವೂ ಒಂದೊಂದು ಘಟನೆಗೆ ತನ್ನ ಎಣಿಕೆಯನ್ನು ಒಂದು ಹೆಚ್ಚಿಸಬೇಕು. ಸಂದೇಶದ ಜೊತೆ ಆ ಸಂಖ್ಯೆಯನ್ನೂ ಕಳಿಸಬೇಕು. ಪಡೆದ ಯಂತ್ರ, ತನ್ನದು ಮತ್ತು ಬಂದದ್ದು ಇವೆರಡರಲ್ಲಿ ದೊಡ್ಡದಕ್ಕೆ ಒಂದು ಕೂಡಿಸಿಕೊಳ್ಳಬೇಕು. ಮಂಡ್ಯದಿಂದ 7 ಬಂದಾಗ ಮಳವಳ್ಳಿಯಲ್ಲಿ 3 ಇದ್ದರೆ, ಅಲ್ಲಿನ ಎಣಿಕೆ 8 ಆಗುತ್ತದೆ. ಇದನ್ನೇ ತಾರ್ಕಿಕ ಗಡಿಯಾರ ಎನ್ನುತ್ತಾರೆ.

ಈ ವಿಚಾರ ನಮಗೆ ಹೊಸದಲ್ಲ. ಹದೀಸ್ ವಿದ್ವಾಂಸರು ಯಾರು ಯಾರಿಂದ ಕೇಳಿದರು ಎಂಬ ಸರಪಳಿಯನ್ನು, ಅಂದರೆ ಇಸ್ನಾದನ್ನು, ಪರಿಶೀಲಿಸುತ್ತಿದ್ದರು. ಹೇಳಿದವರು ಮೊದಲು, ಕೇಳಿದವರು ನಂತರ. ಸರಪಳಿ ಕಡಿದಿದ್ದರೆ ಅದನ್ನು ಮುಚ್ಚಿಡುತ್ತಿರಲಿಲ್ಲ.

ಇಲ್ಲೂ ಅದೇ ಎಚ್ಚರ ಬೇಕು. ಮದ್ದೂರಿನ ಘಟನೆಗೆ 4, ಮಳವಳ್ಳಿಯದಕ್ಕೆ 6 ಎಂದಿದ್ದು, ಅವುಗಳ ನಡುವೆ ಯಾವ ಸಂದೇಶವೂ ಹಾಯದಿದ್ದರೆ, ಮದ್ದೂರಿನದೇ ಮೊದಲು ಎನ್ನಲಾಗದು. ಸಂಖ್ಯೆ ಸಮವಾದಾಗ ಯಂತ್ರಗಳಿಗೆ ಮೊದಲೇ ಕ್ರಮ ಗೊತ್ತುಮಾಡಿ ಸರದಿ ಹಚ್ಚಬಹುದು. ಆದರೆ ಅದು ನಮ್ಮ ಒಪ್ಪಂದ, ಸಾಕ್ಷಿಯಲ್ಲ. ಪ್ರತಿ ಯಂತ್ರದ ಎಣಿಕೆಯನ್ನೂ ಪಟ್ಟಿಯಾಗಿ ಕಳಿಸುವ ವೆಕ್ಟರ್ ಗಡಿಯಾರ 1988ರಲ್ಲಿ ಬಂತು. ಎರಡು ಘಟನೆಗಳಿಗೆ ಸಂಬಂಧವೇ ಇಲ್ಲದಿದ್ದರೆ ಅದು ಹಾಗೆಂದೇ ತಿಳಿಸುತ್ತದೆ.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲೇ ಯಾರೋ ಬ್ಯಾಂಕಿಗೋ ಸರ್ಕಾರಿ ಕಚೇರಿಗೋ ತಂತ್ರಾಂಶ ಬರೆಯುವಿರಿ. ಸರದಿಯಲ್ಲಿ ನಿಂತವನ ಹಕ್ಕು ಆಗ ನಿಮ್ಮ ಕೈಯಲ್ಲಿರುತ್ತದೆ. ತಿಳಿದದ್ದನ್ನಷ್ಟೇ ತಿಳಿದಿದೆ ಎನ್ನಿ. ಅಲ್ಲಾಹನು ನಮಗೆಲ್ಲ ಉಪಯುಕ್ತ ಜ್ಞಾನ ಕರುಣಿಸಲಿ, ಆಮೀನ್.