ಚಿಗರಿಗೂ ಇದು ತವರು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾವು ಶಾಲೆಗೆ ಬರುವಾಗ ಹೊಲದ ಬದುವಿನಾಚೆ ಚಿಗರಿ ಹಿಂಡು ಕಾಣುತ್ತಿತ್ತು. ಪುಸ್ತಕದಲ್ಲಿ ‘ಕೃಷ್ಣಮೃಗ’ ಎಂದು ಓದಿದೆವು. ಅದು ನಮ್ಮ ಚಿಗರಿಯೇ ಎಂದು ಗುರುಗಳು ಹೇಳಿದ ಮೇಲೆಯೇ ತಿಳಿಯಿತು. ಬೀದರ ಸುತ್ತಲಿನ ಬಯಲಿನಲ್ಲಿ ಅದು ಇಂದಿಗೂ ಉಳಿದಿದೆ. ಆದರೆ ಅದರ ಜಾಗ ವರ್ಷ ವರ್ಷಕ್ಕೆ ಕಿರಿದಾಗುತ್ತಿದೆ.

ನಾನೂ ರೈತನ ಮಗ. ಹೆಸರು, ಉದ್ದು, ಕಡಲೆಯ ಎಳೆ ಚಿಗುರಿಗೆ ಚಿಗರಿ ಬಾಯಿ ಹಾಕಿದರೆ ಹೊಟ್ಟೆ ಉರಿಯುತ್ತದೆ, ಸುಳ್ಳಲ್ಲ. ಆ ಸಿಟ್ಟನ್ನು ಪ್ರಾಣಿಯ ಮೇಲೆ ತೀರಿಸಿಕೊಳ್ಳಬೇಡಿ. ಪಹಣಿ, ಫೋಟೊ ಇಟ್ಟು ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಪರಿಹಾರ ಕೇಳಿ. ಅದು ನಿಮ್ಮ ಹಕ್ಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಅದನ್ನು ಕೊಂದವರಿಗೆ ಮೂರರಿಂದ ಏಳು ವರ್ಷ ಜೈಲು.

ಚಿಗರಿ ಹೊಲಕ್ಕೆ ಏಕೆ ಬರುತ್ತದೆ? ಅದರ ಹುಲ್ಲುಗಾವಲನ್ನು ನಾವು ತೆಗೆದುಕೊಂಡಿದ್ದೇವೆ. ಗಾಯರಾಣ ಭೂಮಿಯನ್ನು ‘ಪಾಳು ಜಾಗ’ ಎಂದು ಒತ್ತುವರಿ ಮಾಡಿದೆವು, ಮುರುಮು ಅಗೆದೆವು. ಕೆಲವೆಡೆ ಒಳ್ಳೆಯ ಮನಸ್ಸಿನಿಂದಲೇ ಅಲ್ಲಿ ಸಸಿ ನೆಟ್ಟೆವು. ಆದರೆ ಚಿಗರಿ ದಟ್ಟ ಕಾಡಿನ ಪ್ರಾಣಿಯಲ್ಲ. ಅದಕ್ಕೆ ದೂರದ ವೈರಿ ಕಾಣುವಂಥ ಬಯಲು ಬೇಕು. ಹುಟ್ಟಿದ ಮರಿ ಮೊದಲ ಕೆಲವು ವಾರ ಹುಲ್ಲಿನಲ್ಲೇ ಅಡಗಿರುತ್ತದೆ. ಹುಲ್ಲಿಲ್ಲದಿದ್ದರೆ ನಾಯಿಯ ಪಾಲು. ಸಸಿಯನ್ನು ಶಾಲೆಯ ಅಂಗಳದಲ್ಲಿ, ರಸ್ತೆಯ ಬದಿಯಲ್ಲಿ ನೆಡೋಣ. ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಇರಲಿ.

ಇದೇ ಬಯಲಿನಲ್ಲಿ ಚಿಗರಿಯನ್ನು ಬೆನ್ನಟ್ಟುತ್ತಿದ್ದ ಚೀತಾ ನಮ್ಮ ದೇಶದಿಂದ ಅಳಿಯಿತೆಂದು 1952ರಲ್ಲಿ ಘೋಷಣೆಯಾಯಿತು. ಕಳೆದುಕೊಂಡ ಮೇಲೆ ಹೊರದೇಶದಿಂದ ತರಬೇಕಾಯಿತು. ಚಿಗರಿಗೆ ಆ ಗತಿ ಬರಬಾರದು.

ಹಳ್ಳಿಯವರ ಮಾತು ಯಾರು ಕೇಳುತ್ತಾರೆ ಎನ್ನಬೇಡಿ. ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಕೊಟ್ಟಿದ್ದ ಸಂರಕ್ಷಣೆಯನ್ನು 2016ರಲ್ಲಿ ಹಿಂಪಡೆದಾಗ, ತೋಂಟದ ಸಿದ್ಧಲಿಂಗ ಸ್ವಾಮೀಜಿಯವರೊಂದಿಗೆ ಜನ ಬೀದಿಗಿಳಿದರು. 2017ರಲ್ಲಿ ಸಂರಕ್ಷಣೆ ಮರಳಿತು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಒಗ್ಗಟ್ಟಿನ ದನಿಗೆ ಅಷ್ಟು ಶಕ್ತಿಯಿದೆ.

ನಮ್ಮಿಂದ ಆಗುವ ಕೆಲವು ಕೆಲಸ ಹೇಳುತ್ತೇನೆ. ಗಾಯರಾಣದ ಅಳತೆ ಮಾಡಿಸಿ, ಉಳಿಸಲು ಗ್ರಾಮಸಭೆಯಲ್ಲಿ ಠರಾವು ಮಾಡಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯತಿಯಲ್ಲಿ ಸಮಿತಿ ಇರಬೇಕು. ಅದರ ದಾಖಲೆಯಲ್ಲಿ ಚಿಗರಿ, ನವಿಲು, ಹುಲ್ಲು, ಹಳ್ಳ ಎಲ್ಲವನ್ನೂ ಬರೆಸಿ. ತೆರೆದ ಬಾವಿಗಳಿಗೆ ಕಟ್ಟೆ ಕಟ್ಟಿಸಿ. ಸಾಕಿದ ನಾಯಿಯನ್ನು ಬಯಲಿಗೆ ಬಿಡಬೇಡಿ. ಈ ಶಾಲೆಯ ಮಕ್ಕಳು ತಿಂಗಳಿಗೊಮ್ಮೆ ಗುರುಗಳೊಂದಿಗೆ ಹೋಗಿ ಚಿಗರಿ ಎಣಿಸಿ ಬರೆದಿಡಲಿ. ಇಪ್ಪತ್ತು ವರ್ಷದ ಬಳಿಕ ಆ ನೋಟ್‌ಬುಕ್ಕೇ ಸರ್ಕಾರದ ಮುಂದಿಡುವ ಸಾಕ್ಷಿಯಾಗುತ್ತದೆ.

ಅಷ್ಟೂರಿಗೆ ಹಂಚಿಕೊಂಡು ಬಾಳುವುದನ್ನು ಯಾರೂ ಕಲಿಸಬೇಕಿಲ್ಲ. ಅಹ್ಮದ್ ಷಾ ವಲಿಯ ಉರುಸಿಗೆ ಮಾಡಿಯಾಳದ ಜಂಗಮರು ಬರುತ್ತಾರೆ. ವಲಿ ಎಂದವರೂ ಅಲ್ಲಮಪ್ರಭು ಎಂದವರೂ ಒಂದೇ ಗುಮ್ಮಟದ ಕೆಳಗೆ ಕೈಮುಗಿಯುತ್ತಾರೆ. ಅಷ್ಟು ದೊಡ್ಡ ಮನಸ್ಸಿನ ಊರು ಮಾತು ಬಾರದ ಜೀವಕ್ಕೂ ಒಂದಿಷ್ಟು ಬಯಲು ಬಿಟ್ಟೀತು ಎಂದು ನಂಬಿದ್ದೇನೆ.

ಶಾಲೆಯ ಶತಮಾನೋತ್ಸವದ ದಿನವೂ ಇಲ್ಲಿಗೆ ಬರುವ ಮಗು ದಾರಿಯಲ್ಲಿ ಚಿಗರಿ ಕಾಣಲಿ.