ಕಾರ್ಖಾನೆಯ ಅಂಗಳ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಕುಳಿತವರಲ್ಲಿ ಅನೇಕರು ಬೊರಿವಲಿಯ ಗಾಳಾಗಳಲ್ಲಿ ಗುಮಾಸ್ತರು, ಹಮಾಲರು, ಪಹರೆಯವರು. ಒಳಗೆ ಜಾಗ ಸಾಲದಾದಾಗ ಸೇಠರು ಹೇಳುವ ಮಾತು ನಮಗೆಲ್ಲ ಬಾಯಿಪಾಠ: “ಸದ್ಯಕ್ಕೆ ಹೊರಗೆ ಇಡಿ.” ಈ ‘ಸದ್ಯಕ್ಕೆ’ ಎಂಬುದು ಮಳೆಗಾಲ ಕಳೆದು ಬೇಸಿಗೆ ಬಂದರೂ ಮುಗಿಯುವುದಿಲ್ಲ. ಪೀಪಾಯಿಯ ಮೇಲೆ ಪೀಪಾಯಿ ಏರುತ್ತದೆ, ಮೇಲೊಂದು ತಾಡಪತ್ರಿ ಬೀಳುತ್ತದೆ, ಅಂಗಳವೇ ಗೋದಾಮಾಗುತ್ತದೆ.

ಹಿಂದೊಮ್ಮೆ ನಾವೂ ಒಂದು ಗಾಳಾದಲ್ಲಿ ದಾಸ್ತಾನಿನ ಲೆಕ್ಕ ಬರೆಯುತ್ತಿದ್ದೆವು. ಥಿನ್ನರಿನ ಪೀಪಾಯಿಗಳನ್ನು ಕಟ್ಟಡಕ್ಕೂ ಕಾಂಪೌಂಡು ಗೋಡೆಗೂ ನಡುವಿನ ಓಣಿಯಲ್ಲಿ ಜೋಡಿಸಲು ಚೀಟಿ ಬರೆದುಕೊಟ್ಟವರು ನಾವೇ. ಒಂದು ರಾತ್ರಿ ಪಕ್ಕದ ರದ್ದಿಯ ರಾಶಿಗೆ ಬೆಂಕಿ ತಗಲಿತು. ಹಿಂದಿನ ಕೋಣೆಯಲ್ಲಿ ಮಲಗಿದ್ದ ಪಹರೆಯವನು, ಕುಂದಾಪುರದ ಕಡೆಯ ಹುಡುಗ, ಓಣಿಯಲ್ಲಿ ದಾರಿ ಕಾಣದೆ ಗೋಡೆ ಹತ್ತಿ ಹಾರಿದ. ಕಾಲು ಮುರಿಯಿತು, ಜೀವ ಉಳಿಯಿತು. ನೆರೆಯವರು ನೀರು ಹೊಯ್ದು ಆರಿಸಿದ್ದರಿಂದ ಬೆಂಕಿ ಪೀಪಾಯಿಗಳನ್ನು ಮುಟ್ಟಲಿಲ್ಲ. ಆದರೆ ಆ ಚೀಟಿಯ ಮೇಲಿದ್ದುದು ನಮ್ಮ ಸಹಿ. ಆ ಮೇಲೆಯೇ ನಾವು ನಿಯಮಗಳನ್ನು ಓದತೊಡಗಿದ್ದು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತಾಯಿತು. ನಿಮಗೆ ಹಾಗಾಗಬಾರದೆಂದೇ ಈ ನಾಲ್ಕು ಮಾತು.

ಬೊರಿವಲಿಯು ಬೃಹನ್ಮುಂಬಯಿಗೆ ಸೇರಿದ್ದು 1957ರಲ್ಲಿ. ಇಲ್ಲಿಗೂ 1888ರ ಮುಂಬಯಿ ಮಹಾನಗರಪಾಲಿಕೆ ಕಾಯಿದೆಯೇ ಅನ್ವಯಿಸುತ್ತದೆ. ಜೀವಕ್ಕೆ, ಆರೋಗ್ಯಕ್ಕೆ, ಆಸ್ತಿಗೆ ಅಪಾಯ ತರಬಲ್ಲ ಸರಕನ್ನು ಪರವಾನಗಿಯಿಲ್ಲದೆ ಇಡಕೂಡದೆಂದು ಅದರ 394ನೆಯ ಕಲಮು ಹೇಳುತ್ತದೆ. ಬೀದಿಯಲ್ಲಿ ಸಾಮಾನು ಇಡುವುದನ್ನು 313ನೆಯ ಕಲಮು ತಡೆಯುತ್ತದೆ. ಹಾಗೆ ಇಟ್ಟದ್ದನ್ನು ನೋಟೀಸು ಕೊಡದೆಯೇ ತೆಗೆಸುವ ಅಧಿಕಾರ 314ನೆಯ ಕಲಮಿನಲ್ಲಿದೆ.

ಇನ್ನು ಯಾವ ಜಾಗದಲ್ಲಿ ಯಾವ ಉದ್ಯೋಗ ನಡೆಯಬಹುದೆಂಬುದು ಅಭಿವೃದ್ಧಿ ನಕ್ಷೆಗೆ ಸೇರಿದ್ದು. ಈಗಿನದು 2034ರವರೆಗಿನ ನಕ್ಷೆ. ಅದರ ನಿಯಮಾವಳಿ 2018ರಲ್ಲಿ ಜಾರಿಗೆ ಬಂತು. ಅದರಲ್ಲಿ ವಸತಿ, ವ್ಯಾಪಾರ, ಕೈಗಾರಿಕೆ ಎಂಬ ವಲಯಗಳಿವೆ. ಕೈಗಾರಿಕಾ ವಲಯದಲ್ಲಿ ಸಲ್ಲುವ ಗೋದಾಮು ಚಾಳಿನ ಪಕ್ಕದಲ್ಲಿ ಸಲ್ಲಲಾರದು. ಕೈಗಾರಿಕಾ ವಲಯವೆಂದ ಮಾತ್ರಕ್ಕೆ ಅಂಗಳವೆಲ್ಲ ಸರಕಿಗೆಂದೂ ಅಲ್ಲ. ಕಟ್ಟಡದ ಸುತ್ತ ಬಿಡಬೇಕಾದ ತೆರವು ಜಾಗ ಮಂಜೂರಾದ ನಕ್ಷೆಯಲ್ಲಿಯೇ ಗುರುತಾಗಿರುತ್ತದೆ. 1991ರ ನಿಯಮಾವಳಿಯಂತೂ 1,000 ಚದರ ಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ಕೈಗಾರಿಕಾ ನಿವೇಶನದಲ್ಲಿ ನೂರಕ್ಕೆ 10 ಪಾಲು ತೆರೆದ ಬಯಲನ್ನು ಪ್ರತ್ಯೇಕವಾಗಿಯೇ ಕೇಳಿತ್ತು.

ಇದು ಸರಕಾರದ ಹಟವೆಂದು ಕೆಲವರು ಗೊಣಗುವುದುಂಟು. ಆದರೆ ಬಂಬು ಒಳಗೆ ಬರುವುದು, ನಾವು ಹೊರಗೆ ಓಡುವುದು ಎರಡೂ ಆ ತೆರವಿನಲ್ಲಿಯೇ. 1944ರ ಏಪ್ರಿಲ್ 14ರಂದು ಮುಂಬಯಿಯ ಗೋದಿಯಲ್ಲಿ ಹತ್ತಿಯನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ತುಂಬಿದ್ದ ಹಡಗು ಸಿಡಿಯಿತು. ಬೆಂಕಿ ಆರಿಸಲು ಹೋಗಿ ಮಡಿದ 66 ಮಂದಿಯ ನೆನಪಿಗೆ ಇಂದಿಗೂ ಆ ದಿನದಿಂದ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಯಾವುದರ ಪಕ್ಕ ಯಾವುದನ್ನು ಇಡಬಾರದೆಂಬ ಪಾಠಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮಳೆಯ ಮಾತೂ ಹಾಗೆಯೇ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಸುರಿಯಿತು. ಅಂಥ ಮಳೆಯಲ್ಲಿ ಅಂಗಳದ ಎಣ್ಣೆ, ಬಣ್ಣ, ಚಿಂದಿಯೆಲ್ಲ ಗಟಾರಕ್ಕೆ ಇಳಿದು ಪೋಯಿಸರ್, ದಹಿಸರ್ ನದಿಗಳಿಗೆ ಸೇರುತ್ತದೆ. ಗಟಾರ ಕಟ್ಟಿದರೆ ನೀರು ನುಗ್ಗುವುದು ನಮ್ಮ ಚಾಳುಗಳಿಗೇ.

“ಇದನ್ನು ಸೇಠರಿಗೆ ಹೇಳಿ ನೌಕರಿ ಕಳೆದುಕೊಳ್ಳೋಣವೇ?” ಎಂದು ನೀವು ಕೇಳಬಹುದು. ಹೆದರಿಕೆ ಸಹಜ, ಊರಿಗೆ ಹಣ ಕಳುಹಿಸುವ ಕೈ ನಮ್ಮದು. ಸಣ್ಣ ಗಾಳಾದವರಿಗೂ ಬೇರೆ ಗೋದಾಮಿನ ಬಾಡಿಗೆ ಭಾರವೇ. ಅವರಲ್ಲಿ ನಮ್ಮವರೂ ಇದ್ದಾರೆ. ಆದ್ದರಿಂದ ಜಗಳ ಬೇಡ, ವಿಚಾರಣೆ ಇರಲಿ. ಮಂಜೂರಾದ ನಕ್ಷೆಯಲ್ಲಿ ಆ ಜಾಗ ತೆರವೆಂದಿದೆಯೇ? ಪರವಾನಗಿಯಲ್ಲಿ ಈ ಸರಕು, ಇಷ್ಟು ಪ್ರಮಾಣ ಬರೆದಿದೆಯೇ? 2006ರ ಮಹಾರಾಷ್ಟ್ರ ಅಗ್ನಿ ಸುರಕ್ಷೆಯ ಕಾಯಿದೆಯಂತೆ ಜನವರಿ, ಜುಲೈಗಳಲ್ಲಿ ಕೊಡಬೇಕಾದ ಪ್ರಮಾಣಪತ್ರ ಹೋಗಿದೆಯೇ? ಉತ್ತರ ಸಿಗದಿದ್ದರೆ ಚೀಟಿಗೆ ಸಹಿ ಹಾಕುವ ಮೊದಲು ಹುಕುಮನ್ನು ಬರವಣಿಗೆಯಲ್ಲಿ ಕೇಳಿರಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಕೂಡಿ ಹೋಗಿರಿ. ಆರ್ ಮಧ್ಯ ವಾರ್ಡಿನ ಕಚೇರಿಗೆ ಅರ್ಜಿ ಬರೆಯಬೇಕಾದರೆ ಈ ವಾಚನಾಲಯದ ಮೇಜು, ಮಸಿ, ನಾವು, ಎಲ್ಲವೂ ನಿಮ್ಮವು.

ಆ ಹುಡುಗ ಈಗಲೂ ಸ್ವಲ್ಪ ಕುಂಟುತ್ತಾನೆ. ಸಿಕ್ಕಾಗಲೆಲ್ಲ “ಅಣ್ಣಾ, ಆರಾಮವೇ?” ಎಂದು ಅವನೇ ಮೊದಲು ಕೇಳುತ್ತಾನೆ. ನಾಳೆ ಕೆಲಸಕ್ಕೆ ಹೋದಾಗ ನಿಮ್ಮ ಗಾಳಾದ ಹಿಂದಿನ ಓಣಿಯನ್ನು ಒಮ್ಮೆ ನಡೆದು ನೋಡಿರಿ.